ಬಯಸಿದವರೂ ಬೇಡವೆಂದವರೂ: ಅಧಿಕಾರಕ್ಕೆ ಯಾರು ಯೋಗ್ಯರು?



ಪೂಜಾವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಮಹೋತ್ಸವವನ್ನು ಆಚರಿಸುತ್ತೇವೆ. ಜಗದ್ಗುರು ಹನ್ನೊಂದನೇ ಪಿಯುಸ್‌ರವರು ಈ ಹಬ್ಬವನ್ನು ಸ್ಥಾಪಿಸಿದ್ದು 1925ರಲ್ಲಿ. ಆಗ ಮೊದಲನೇ ಮಹಾಯುದ್ಧ ಮುಗಿದು ಏಳು ವರ್ಷಗಳಾಗಿದ್ದವು. ಜರ್ಮನಿ, ಆಸ್ಟ್ರಿಯ, ರಷ್ಯಗಳ ಸಿಂಹಾಸನಗಳು ಉರುಳಿದ್ದವು. ಇಟಲಿಯಲ್ಲಿ ಮುಸೊಲಿನಿ ಸರ್ವಾಧಿಕಾರಿಯಾಗುತ್ತಿದ್ದ. ಅಧಿಕಾರವೆಂದರೇನು, ಅದು ಯಾರ ಕೈಗೆ ಸೇರಬೇಕು ಎಂದು ಜಗತ್ತು ತಡಕಾಡುತ್ತಿದ್ದ ಕಾಲದಲ್ಲೇ ಈ ಹಬ್ಬ ಹುಟ್ಟಿತು.

ಚುನಾವಣೆ ಬಂದಾಗಲೆಲ್ಲ ನಮ್ಮ ಮನೆಗಳಲ್ಲೂ ಒಂದು ಮಾತು ಕೇಳಿಬರುತ್ತದೆ: ಒಳ್ಳೆಯವರು ರಾಜಕೀಯಕ್ಕೆ ಇಳಿಯುವುದಿಲ್ಲ, ಇಳಿದವರು ಒಳ್ಳೆಯವರಾಗಿ ಉಳಿಯುವುದಿಲ್ಲ. ಅಂದರೆ, ಅಧಿಕಾರವನ್ನು ಬಯಸುವವನು ಅದಕ್ಕೆ ಅಯೋಗ್ಯ, ಬೇಡವೆನ್ನುವವನೇ ಯೋಗ್ಯ. ಇದು ಎಷ್ಟರ ಮಟ್ಟಿಗೆ ನಿಜ?

ಹಳೆಯ ಒಡಂಬಡಿಕೆಯ ಸೌಲನನ್ನು ನೆನೆಯೋಣ. ಜನರು ಅವನನ್ನು ಅರಸನನ್ನಾಗಿ ಆರಿಸಿದ ದಿನ ಅವನು ಸಾಮಾನು ಸರಂಜಾಮುಗಳ ನಡುವೆ ಅಡಗಿ ಕುಳಿತಿದ್ದ. ಅಷ್ಟು ಸಂಕೋಚದ ಮನುಷ್ಯ! ಅದೇ ಸೌಲ ಮುಂದೆ ತನ್ನ ಸಿಂಹಾಸನ ಎಲ್ಲಿ ತಪ್ಪಿಹೋಗುವುದೋ ಎಂಬ ಭಯದಿಂದ ದಾವೀದನ ಮೇಲೆ ಈಟಿ ಎಸೆದ. ಬೇಡವೆಂದು ಅಡಗಿದವನೇ, ಸಿಕ್ಕಿದ ಮೇಲೆ ಬಿಡಲಾರದವನಾದ.

ಧರ್ಮಸಭೆಯ ಇತಿಹಾಸದಲ್ಲಿ ಇದಕ್ಕಿಂತಲೂ ಯೋಚಿಸಬೇಕಾದ ಘಟನೆಯೊಂದಿದೆ. 1292ರ ಏಪ್ರಿಲ್‌ನಲ್ಲಿ ಜಗದ್ಗುರು ನಾಲ್ಕನೇ ನಿಕೊಲಾಸ್‌ರವರು ತೀರಿಕೊಂಡರು. ಉತ್ತರಾಧಿಕಾರಿಯನ್ನು ಆರಿಸಬೇಕಾಗಿದ್ದ ಕಾರ್ಡಿನಲ್‌ಗಳು ಹನ್ನೆರಡೇ ಮಂದಿ. ಅವರಲ್ಲಿ ರೋಮಿನ ಓರ್ಸಿನಿ, ಕೊಲೊನ್ನಾ ಎಂಬ ಎರಡು ದೊಡ್ಡ ಮನೆತನಗಳ ಬಣಗಳಿದ್ದವು. ಎರಡು ವರ್ಷಕ್ಕೂ ಮೀರಿ ಪೇತ್ರರ ಪೀಠ ಖಾಲಿ ಉಳಿಯಿತು. ಕೊನೆಗೆ 1294ರ ಜುಲೈ 5ರಂದು ಅವರು ಆರಿಸಿದ್ದು ತಮ್ಮಲ್ಲೊಬ್ಬರನ್ನಲ್ಲ, ಸುಲ್ಮೋನಾ ಊರಿನ ಬಳಿ ಮೊರೊನೆ ಬೆಟ್ಟದಲ್ಲಿ ತಪಸ್ಸು ಮಾಡುತ್ತಿದ್ದ ಪಿಯೆತ್ರೊ ಎಂಬ ವೃದ್ಧ ಸನ್ಯಾಸಿಯನ್ನು.

ಆ ಕಾಲದಲ್ಲಿ ಜಗದ್ಗುರುಗಳು ಧರ್ಮಪಾಲಕರಷ್ಟೇ ಅಲ್ಲ. ಮಧ್ಯ ಇಟಲಿಯ ದೊಡ್ಡ ಭಾಗಕ್ಕೆ ದೊರೆಗಳೂ ಆಗಿದ್ದರು. ಅಂಥ ಪದವಿ ಬಯಸದವರ ಬಾಗಿಲಿಗೆ ಬಂದಿತು. ವಿನಯಶೀಲ ತಪಸ್ವಿ ಕತ್ತೆಯನ್ನೇರಿ ಲಾಕ್ವಿಲ ನಗರವನ್ನು ಪ್ರವೇಶಿಸಿದರು. ಐದನೇ ಸೆಲೆಸ್ಟೀನ್ ಎಂಬ ಹೆಸರಿನಲ್ಲಿ ಆಗಸ್ಟ್ 29ರಂದು ಅವರಿಗೆ ಕಿರೀಟಧಾರಣೆಯಾಯಿತು. ಅಧಿಕಾರದಾಹವಿಲ್ಲದ ಪವಿತ್ರಾತ್ಮರೊಬ್ಬರು ಕೊನೆಗೂ ಸಿಕ್ಕರೆಂದು ಜನರು ಆನಂದಿಸಿದರು.

ಆದರೆ ಆದದ್ದೇನು? ಆಡಳಿತದ ಅನುಭವ ಅವರಿಗಿರಲಿಲ್ಲ. ನೇಪಲ್ಸಿನ ದೊರೆ ಎರಡನೇ ಚಾರ್ಲ್ಸ್ ಅವರನ್ನು ತನ್ನ ಕೋಟೆಯಲ್ಲೇ ಇರಿಸಿಕೊಂಡ. ಜಗದ್ಗುರುಗಳಾಗಿ ಅವರು ರೋಮ್ ನಗರಕ್ಕೆ ಕಾಲಿಡಲೇ ಇಲ್ಲ. ಅವರು ನೇಮಿಸಿದ ಹೊಸ ಕಾರ್ಡಿನಲ್‌ಗಳಲ್ಲಿ ಬಹುಪಾಲು ಆ ದೊರೆಗೆ ಬೇಕಾದವರು. ಒಂದೇ ಹುದ್ದೆಯನ್ನು ಒಬ್ಬರಿಗಿಂತ ಹೆಚ್ಚು ಮಂದಿಗೆ ಕೊಡುವ ಆದೇಶಗಳು ಹೊರಟವು. ಅಧಿಕಾರ ಮಾಯವಾಗಿರಲಿಲ್ಲ. ಬಯಸದವರ ಕೈಯಿಂದ ಜಾರಿ, ಬಯಸಿದವರ ಕೈ ಸೇರಿತ್ತು, ಅಷ್ಟೇ.

ಸೆಲೆಸ್ಟೀನ್‌ರವರ ದೊಡ್ಡತನ ಕಾಣುವುದು ಇದರ ಮುಂದೆ. ತಮ್ಮಿಂದ ಧರ್ಮಸಭೆಗೆ ನಷ್ಟವಾಗುತ್ತಿದೆಯೆಂದು ಅವರು ಅರಿತರು. ಜಗದ್ಗುರುಗಳು ರಾಜೀನಾಮೆ ಕೊಡಬಹುದೇ ಎಂದು ಕಾನೂನು ಬಲ್ಲವರನ್ನು ವಿಚಾರಿಸಿದರು. ಆ ವರ್ಷದ ಡಿಸೆಂಬರ್ 13ರಂದು ಕಾರ್ಡಿನಲ್‌ಗಳ ಎದುರಿನಲ್ಲಿ ಪದವಿಯ ಲಾಂಛನಗಳನ್ನು ಕಳಚಿಟ್ಟರು. 1313ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. 2009ರ ಏಪ್ರಿಲ್‌ನಲ್ಲಿ ಲಾಕ್ವಿಲ ಭೂಕಂಪಕ್ಕೆ ತುತ್ತಾದಾಗ ಜಗದ್ಗುರು ಹದಿನಾರನೇ ಬೆನೆಡಿಕ್ಟ್‌ರವರು ಅಲ್ಲಿಗೆ ಹೋಗಿ, ತಮ್ಮ ಪಾಲಿಯಂ ವಸ್ತ್ರವನ್ನು ಆ ಸಂತರ ಶವಪೆಟ್ಟಿಗೆಯ ಮೇಲಿಟ್ಟು ಬಂದರು. 2013ರ ಫೆಬ್ರವರಿಯಲ್ಲಿ ಅವರೂ ತಮ್ಮ ಪದವಿಯನ್ನು ತ್ಯಜಿಸಿದರು.

ಸೆಲೆಸ್ಟೀನ್‌ರವರ ನಂತರ ಬಂದ ಎಂಟನೇ ಬೊನಿಫಾಸ್‌ರವರು ಇದಕ್ಕೆ ತದ್ವಿರುದ್ಧ. ಕಾನೂನು ಬಲ್ಲವರು, ರಾಜತಂತ್ರದಲ್ಲಿ ಪಳಗಿದವರು. 1300ರಲ್ಲಿ ಮೊತ್ತಮೊದಲ ಜೂಬಿಲಿ ವರ್ಷವನ್ನು ಘೋಷಿಸಿದವರೂ ಅವರೇ. ಸಾಮರ್ಥ್ಯಕ್ಕೆ ಏನೂ ಕೊರತೆಯಿರಲಿಲ್ಲ. ಆದರೆ ಅಧಿಕಾರವನ್ನು ಅವರು ಮುಷ್ಟಿ ಬಿಗಿದು ಹಿಡಿದರು. ವಿರೋಧಿಗಳು ಆ ವೃದ್ಧ ತಪಸ್ವಿಯನ್ನು ಮುಂದಿಟ್ಟುಕೊಂಡು ಬಂದಾರೆಂದು ಅವರನ್ನು ಫುಮೋನೆ ಕೋಟೆಯಲ್ಲಿ ಕಾವಲಿನಲ್ಲಿರಿಸಿದರು. 1296ರಲ್ಲಿ ಸೆಲೆಸ್ಟೀನ್‌ರವರು ಅಲ್ಲೇ ಪ್ರಾಣಬಿಟ್ಟರು. ಬೊನಿಫಾಸ್‌ರವರು ತಮ್ಮ ಮನೆತನಕ್ಕೆ ಭೂಮಿಕಾಣಿ ಕೂಡಿಸಿದರು. ಫ್ರಾನ್ಸಿನ ದೊರೆ ನಾಲ್ಕನೇ ಫಿಲಿಪ್‌ನೊಡನೆ ಕಲಹಕ್ಕಿಳಿದರು. 1303ರ ಸೆಪ್ಟೆಂಬರ್‌ನಲ್ಲಿ ಆ ದೊರೆಯ ಕಡೆಯವರು ಅನಾಗ್ನಿಯಲ್ಲಿ ಅವರನ್ನೇ ಸೆರೆಹಿಡಿದರು. ಊರಿನ ಜನ ಬಿಡಿಸಿದರೂ ಒಂದೆರಡು ತಿಂಗಳೊಳಗೆ ಅವರು ತೀರಿಕೊಂಡರು.

ಹಾಗಾದರೆ ಪವಿತ್ರರಿಗೆ ಸಾಮರ್ಥ್ಯವಿಲ್ಲ, ಸಮರ್ಥರಿಗೆ ಪಾವಿತ್ರ್ಯವಿಲ್ಲ ಎಂದುಕೊಂಡು ಸುಮ್ಮನಿರೋಣವೇ? ಇಲ್ಲ. ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದ ಅದೇ ಹನ್ನೊಂದನೇ ಪಿಯುಸ್‌ರವರು 1935ರಲ್ಲಿ ಇಂಗ್ಲೆಂಡಿನ ತೋಮಸ್ ಮೋರ್‌ರವರನ್ನು ಸಂತಪದವಿಗೇರಿಸಿದರು. ಇವರು ಹೆಂಡತಿ ಮಕ್ಕಳಿದ್ದ ಸಂಸಾರಿ, ವೃತ್ತಿಯಲ್ಲಿ ವಕೀಲರು. ಅಧಿಕಾರದಿಂದ ಓಡಿಹೋದವರಲ್ಲ, ಪಾರ್ಲಿಮೆಂಟಿನ ಸದಸ್ಯತ್ವ, ಲಂಡನ್ ನಗರದ ನ್ಯಾಯಾಡಳಿತ, ಸ್ಪೀಕರ್ ಹುದ್ದೆ ಎಂದು ಒಂದೊಂದೇ ಮೆಟ್ಟಿಲು ಹತ್ತಿ 1529ರಲ್ಲಿ ರಾಜ್ಯದ ಲಾರ್ಡ್ ಚಾನ್ಸಲರ್ ಆದವರು. ತಮ್ಮ ಕಾಲದ ಕಾಠಿಣ್ಯ ಅವರಲ್ಲೂ ಇತ್ತು. ಅವರ ಅವಧಿಯಲ್ಲಿ ಧರ್ಮದ್ರೋಹದ ಆರೋಪ ಹೊತ್ತ ಕೆಲವರಿಗೆ ಮರಣದಂಡನೆಯಾದದ್ದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ದೊರೆ ಎಂಟನೇ ಹೆನ್ರಿ ಧರ್ಮಸಭೆಯನ್ನು ತನ್ನ ಅಡಿಯಾಳಾಗಿಸಲು ಹೊರಟಾಗ, 1532ರ ಮೇ 16ರಂದು ಅವರು ರಾಜಮುದ್ರೆಯನ್ನು ಹಿಂದಿರುಗಿಸಿ ಮನೆಗೆ ನಡೆದರು. ಆತ್ಮಸಾಕ್ಷಿಗೆ ವಿರುದ್ಧವಾದ ಪ್ರಮಾಣವಚನವನ್ನು ಸ್ವೀಕರಿಸಲೊಪ್ಪದೆ 1535ರ ಜುಲೈ 6ರಂದು ತಲೆಕೊಟ್ಟರು. ಜಗದ್ಗುರು ಎರಡನೇ ಜಾನ್ ಪಾಲ್‌ರವರು 2000ದಲ್ಲಿ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು.

ಈ ಮೂವರಿಂದ ನಾವು ಕಲಿಯುವುದೇನು? ಬಯಕೆ ಇತ್ತೇ ಇಲ್ಲವೇ ಎಂಬುದು ಯೋಗ್ಯತೆಯ ಅಳತೆಗೋಲಲ್ಲ. ಕೆಲಸ ಬಲ್ಲವರೇ? ಅಧಿಕಾರವನ್ನು ತೆರೆದ ಕೈಯಲ್ಲಿ ಹಿಡಿದಿದ್ದಾರೆಯೇ? ಬಿಡಬೇಕಾದ ದಿನ ಬಿಡಬಲ್ಲರೇ? ಇವೇ ಅಳತೆಗೋಲುಗಳು.

ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋತಾಮ ಹೇಳಿದ ಮರಗಳ ಕಥೆ ನಮಗೆ ಗೊತ್ತು. ಮರಗಳು ತಮಗೊಬ್ಬ ಅರಸ ಬೇಕೆಂದು ಹೊರಟಾಗ ಓಲಿವ್ ಮರ ಒಲ್ಲೆನೆಂದಿತು, ಅಂಜೂರ ಒಲ್ಲೆನೆಂದಿತು, ದ್ರಾಕ್ಷಿಬಳ್ಳಿಯೂ ಒಲ್ಲೆನೆಂದಿತು. ಕೊನೆಗೆ ಒಪ್ಪಿಕೊಂಡದ್ದು ಮುಳ್ಳುಪೊದೆ. ಮುಳ್ಳನ್ನು ದೂರುವ ನಾವು, ಫಲ ಕೊಡುವ ಮರಗಳು ಹಿಂದೆ ಸರಿದದ್ದನ್ನು ಮರೆಯುತ್ತೇವೆ. ನಮ್ಮ ಮನೆಯ ಮಗನೋ ಮಗಳೋ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತೇನೆಂದರೆ, ಆ ಕೊಚ್ಚೆ ನಮಗೇಕೆ ಎಂದು ತಡೆಯುವವರು ನಾವೇ ಅಲ್ಲವೇ? ರಾಜಕೀಯಕ್ಕೆ ತಕ್ಕವರು ಅದಕ್ಕಾಗಿ ಸಿದ್ಧರಾಗಬೇಕು, ಸ್ವಂತ ಲಾಭ ನೋಡದೆ ದುಡಿಯಬೇಕು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಕರೆಕೊಟ್ಟಿದೆ.

ಮತ ಕೇಳಲು ಬಂದವರನ್ನೂ ನಾವು ಇದೇ ಕಣ್ಣಿನಿಂದ ನೋಡೋಣ. ಸಣ್ಣ ಜವಾಬ್ದಾರಿ ಕೊಟ್ಟಾಗ ಅವರು ಹೇಗೆ ನಡೆದುಕೊಂಡರು? ಸೋತ ಮೇಲೂ ಜನರ ಕಷ್ಟಕ್ಕೆ ಬಂದರೇ? ಧರ್ಮಕೇಂದ್ರದ ಪಾಲನಾ ಸಮಿತಿಗೂ ಭಕ್ತರ ಸಂಘಗಳಿಗೂ ಈ ಪ್ರಶ್ನೆಗಳು ಸಲ್ಲುತ್ತವೆ.

ರೊಟ್ಟಿ ತಿಂದು ತೃಪ್ತರಾದ ಜನ ತಮ್ಮನ್ನು ಬಲವಂತವಾಗಿ ಅರಸನನ್ನಾಗಿಸಲು ಬಂದಾಗ ಪ್ರಭು ಯೇಸು ಒಬ್ಬರೇ ಬೆಟ್ಟಕ್ಕೆ ಹೊರಟುಹೋದರು. ನೀನು ಅರಸನೋ ಎಂದು ಪಿಲಾತನು ಕೇಳಿದಾಗ ಮಾತ್ರ, ಮುಂದೆ ಶಿಲುಬೆ ಇದೆಯೆಂದು ತಿಳಿದೂ ತಮ್ಮ ಅರಸುತನವನ್ನು ಅಲ್ಲಗಳೆಯಲಿಲ್ಲ. ಲಾಭದ ಕಿರೀಟವನ್ನು ಬಿಟ್ಟು ಮುಳ್ಳಿನ ಕಿರೀಟವನ್ನು ತೊಟ್ಟ ಆ ಕ್ರಿಸ್ತರಾಜರು, ಆಳುವವರಿಗೆ ಸೇವೆಯ ಮನಸ್ಸನ್ನೂ ಆರಿಸುವ ನಮಗೆ ವಿವೇಕವನ್ನೂ ಅನುಗ್ರಹಿಸಲಿ.