ಬೇರಿಗೆ ದಕ್ಕುವ ರಂಜಕ

ಮಣ್ಣಿನಲ್ಲಿ ಒಟ್ಟು ಎಷ್ಟು ರಂಜಕವಿದೆ ಎಂದು ತಿಳಿಯುವುದು ಕಷ್ಟವಲ್ಲ. ಕಟುವಾದ ಆಮ್ಲದಲ್ಲಿ ಕುದಿಸಿದರಾಯಿತು. ಆದರೆ ಅದರಲ್ಲಿ ಬೆಳೆಗೆ ದಕ್ಕುವುದು ಚೂರುಪಾರು. ಉಳಿದದ್ದರಲ್ಲಿ ಬಹುಪಾಲನ್ನು ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣ ಹಿಡಿದಿಟ್ಟುಕೊಂಡಿರುತ್ತವೆ. ಆ ಚೂರನ್ನಷ್ಟೇ ಬಿಡಿಸಿ ಅಳೆಯುವ ದ್ರಾವಣ ಯಾವುದು? ಮಣ್ಣು ವಿಜ್ಞಾನಿಗಳು ನೂರು ವರ್ಷಕ್ಕೂ ಮಿಕ್ಕಿ ಇದರ ಬೆನ್ನು ಹತ್ತಿದ್ದಾರೆ.

1894ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ಡೈಯರ್ ಹಲವಾರು ಗಿಡಗಳ ಬೇರಿನ ರಸದ ಹುಳಿಯನ್ನು ಅಳೆದು, ಅದಕ್ಕೆ ಹತ್ತಿರವೆಂದು ಶೇ. 1ರ ಸಿಟ್ರಿಕ್ ಆಮ್ಲವನ್ನು ಆರಿಸಿಕೊಂಡ. ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಬಾರ್ಲಿ ಹೊಲದ ಮಣ್ಣಿನ ಮೇಲೆ ಅದನ್ನು ಪ್ರಯೋಗಿಸಿಯೂ ನೋಡಿದ. ಬೇರಿನ ಕೆಲಸವನ್ನು ಬಾಟಲಿಯಿಂದ ಮಾಡಿಸುವ ಈ ಯೋಚನೆ ಸೊಗಸಾಗಿತ್ತು. 1930ರಲ್ಲಿ ಅಮೆರಿಕದ ಟ್ರೂಗ್ ತೀರಾ ತೆಳುವಾದ ಗಂಧಕಾಮ್ಲ ಬಳಸಿದ.

ನಿಜವಾದ ತಿರುವು 1945ರದು. ಇಲಿನಾಯ್‌ನ ಬ್ರೇ ಮತ್ತು ಕರ್ಟ್ಜ್ ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಮೋನಿಯಂ ಫ್ಲೋರೈಡ್ ಸೇರಿಸಿದರು. ಫ್ಲೋರೈಡ್ ಅಲ್ಯೂಮಿನಿಯಂ, ಕಬ್ಬಿಣಗಳನ್ನು ತಾನು ಅಪ್ಪಿಕೊಂಡು ರಂಜಕವನ್ನು ಬಿಡಿಸುತ್ತದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಹೇಳಿ ಮಾಡಿಸಿದ ವಿಧಾನ. ಅದೇ ದ್ರಾವಣವನ್ನು ವಿಜಯಪುರದ ಕಡೆಯ ಸುಣ್ಣ ತುಂಬಿದ ಎರೆಮಣ್ಣಿಗೆ ಹಾಕಿದರೆ ಆಮ್ಲದ ಬಲವೆಲ್ಲ ಸುಣ್ಣ ಕರಗಿಸುವುದರಲ್ಲೇ ತೀರಿಹೋಗುತ್ತದೆ. ಬರುವ ಅಂಕಿಯನ್ನು ನಂಬುವಂತಿಲ್ಲ. ಅಂಥ ಮಣ್ಣಿಗೆಂದೇ 1954ರಲ್ಲಿ ಓಲ್ಸನ್ ಮತ್ತು ಸಂಗಡಿಗರು ಆಮ್ಲವನ್ನೇ ಬಿಟ್ಟು, ರಸಸಾರ 8.5ರ ಸೋಡಿಯಂ ಬೈಕಾರ್ಬನೇಟ್ ಹಿಡಿದರು. ಅದು ಕ್ಯಾಲ್ಸಿಯಂ ಅನ್ನು ಕಾರ್ಬನೇಟಾಗಿ ಕೆಳಗಿಳಿಸುತ್ತದೆ, ರಂಜಕ ಸಡಿಲಗೊಳ್ಳುತ್ತದೆ.

ಎರಡೂವರೆ ಗ್ರಾಂ ಮಣ್ಣು, 50 ಮಿ.ಲೀ. ದ್ರಾವಣ, ಅರ್ಧ ಗಂಟೆ ಅಲುಗಾಟ: ಓಲ್ಸನ್ ವಿಧಾನ ಇಷ್ಟೇ. ಕಾಟ ಕೊಡುವುದು ಬಣ್ಣ. ಬೈಕಾರ್ಬನೇಟ್ ಸಾವಯವ ಅಂಶವನ್ನೂ ಎಳೆದುಕೊಂಡು ಚಹಾದಂತೆ ಕಂದಾಗುತ್ತದೆ. ಅದನ್ನು ತಿಳಿಯಾಗಿಸಲು ಇದ್ದಿಲ ಪುಡಿ ಹಾಕುತ್ತಾರೆ; ಆ ಇದ್ದಿಲಲ್ಲೇ ರಂಜಕ ಇದ್ದರೆ ಮುಗಿಯಿತು, ಎಲ್ಲ ಮಣ್ಣೂ ಫಲವತ್ತು! ಹಾಗಾಗಿ ಮಣ್ಣಿಲ್ಲದ ಖಾಲಿ ಬಾಟಲಿಯನ್ನೂ ಜೊತೆಗೆ ಓಡಿಸಲೇಬೇಕು. ಕೊನೆಗೆ ಮಾಲಿಬ್ಡೇಟ್ ಜೊತೆ ಅಪಕರ್ಷಣಕಾರಿಯೊಂದು ಬಿದ್ದಾಗ ನೀಲಿ ಮೂಡುತ್ತದೆ; ಹೆಚ್ಚು ನೀಲಿ, ಹೆಚ್ಚು ರಂಜಕ. ಹಿಂದೆ ತವರದ ಕ್ಲೋರೈಡಿನಿಂದ ಬರುತ್ತಿದ್ದ ನೀಲಿ ಬೇಗ ಮಾಸುತ್ತಿತ್ತು. 1962ರಲ್ಲಿ ಮರ್ಫಿ ಮತ್ತು ರೈಲಿ ಆಸ್ಕಾರ್ಬಿಕ್ ಆಮ್ಲ, ಆಂಟಿಮನಿ ಬಳಸಿ ನೀಲಿ ಮಾಸದಂತೆ ಮಾಡಿದರು. ಅವರಿಗೆ ಬೇಕಾಗಿದ್ದದ್ದು ನೀರಿನ ಪರೀಕ್ಷೆ. ಮಣ್ಣಿನವರು ಎರವಲು ಪಡೆದರು.

1984ರ ಮೆಹ್ಲಿಕ್-3 ದ್ರಾವಣ ಒಂದೇ ಸೋಸಿನಲ್ಲಿ ಹಲವು ಪೋಷಕಾಂಶಗಳನ್ನು ಹಿಡಿಯುತ್ತದೆ. ಆ ಸೋಸನ್ನು ಅಳೆಯುವ ಐಸಿಪಿ ಯಂತ್ರ ಸಾವಯವ ರಂಜಕವನ್ನೂ ಎಣಿಸುವುದರಿಂದ ಅದರ ಅಂಕಿ ನೀಲಿ ಬಣ್ಣದ ಅಂಕಿಗಿಂತ ಮೇಲಿರುವುದುಂಟು. ಬೇರಿನಂತೆ ರಂಜಕವನ್ನು ಹೀರಿಕೊಳ್ಳುವ ರೆಸಿನ್ 1955ರಿಂದಲೇ ಇದೆ. ಜೆಲ್ ಪದರದ ಮೂಲಕ ರಂಜಕವನ್ನು ಹೀರುವ ಡಿಜಿಟಿ ಎಂಬ ಸಾಧನ ಈಚಿನದು. ನನಗೆ ಇವೇ ಡೈಯರನ ಆಸೆಗೆ ಹೆಚ್ಚು ಹತ್ತಿರ ಅನ್ನಿಸುತ್ತವೆ. ದಿನಕ್ಕೆ ನೂರಾರು ಮಾದರಿ ಬರುವಲ್ಲಿ ಮಾತ್ರ ಬ್ರೇ, ಓಲ್ಸನ್‌ಗಳದ್ದೇ ರಾಜ್ಯ.

ಅಂಕಿ ಕೈಗೆ ಬಂದ ಮೇಲೂ ಒಂದು ಗೊಂದಲ ಉಳಿದಿದೆ. ನಮ್ಮಲ್ಲಿ ಹೆಕ್ಟೇರಿಗೆ 10 ಕಿಲೋಗಿಂತ ಕಡಿಮೆ ರಂಜಕವಿದ್ದರೆ ‘ಕಡಿಮೆ’, 25 ದಾಟಿದರೆ ‘ಹೆಚ್ಚು’. ಅದನ್ನೇ ಪೆಂಟಾಕ್ಸೈಡ್ ಲೆಕ್ಕದಲ್ಲಿ ಬರೆದರೆ 2.29ರಿಂದ ಗುಣಿಸಬೇಕು, 10 ಇದ್ದದ್ದು 23 ಆಗುತ್ತದೆ. ಗೊಬ್ಬರದ ಚೀಲ ಮಾತಾಡುವುದು ಈ ಎರಡನೆಯ ಲೆಕ್ಕದಲ್ಲೇ: 18-46 ಎಂದು ಅಚ್ಚಾದ 50 ಕಿಲೋ ಡಿಎಪಿಯಲ್ಲಿ ಇರುವ ರಂಜಕ ಹತ್ತೇ ಕಿಲೋ.