ಪುಣೆಯ ಹಳೆಯ ಕಲ್ಲುಗಳಲ್ಲಿ ನಮ್ಮ ಪಾಲು

ಕಳೆದ ವರ್ಷ ಶಾಲೆ ಆರಂಭವಾದ ಹೊಸತರಲ್ಲಿ ಒಂದು ಸಂಜೆ ನನ್ನ ಮಗಳು ನೋಟ್‌ಬುಕ್ಕು ಹಿಡಿದುಕೊಂಡು ಬಂದು, "ಅಪ್ಪಾ, 'ನಮ್ಮ ಊರಿನ ಇತಿಹಾಸ' ಅಂತ ನಾಕು ಪುಟ ಬರೀಲಿಕ್ಕೆ ಹೇಳ್ಯಾರ. ನಮ್ಮೂರು ಅಂದ್ರ ಯಾವುದು?" ಎಂದು ಕೇಳಿದಳು. ನಾನು ಥಟ್ಟನೆ ನವಲಗುಂದದ ಹೆಸರು ಹೇಳಿದೆ. ಅವಳಿಗೆ ಅದು ಸರಿಬರಲಿಲ್ಲ. "ಅಲ್ಲಿಗೆ ನಾವು ವರ್ಷಕ್ಕ ಎಂಟು ದಿನ ಹೋಗ್ತೀವಿ ಅಷ್ಟ. ಮತ್ತ ಇಲ್ಲಿದು ಅವರ ಇತಿಹಾಸ, ನಮ್ಮದಲ್ಲ" ಎಂದಳು. ಅಂದರೆ ಹನ್ನೆರಡು ವರ್ಷದ ಹುಡುಗಿಗೆ ಯಾವ ಊರೂ ಇಲ್ಲವೆಂದಾಯಿತು. ಈ ಮಾತು ನಮ್ಮ ಸಂಘದ ಅನೇಕ ಮನೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳಿಬಂದಿರಲು ಸಾಕು. ಅದಕ್ಕೆ ಉತ್ತರ ಹುಡುಕುತ್ತ ನಾವು ಎರಡು ಮೂರು ಕುಟುಂಬದವರು ಕೂಡಿ ಕೆಲವು ಭಾನುವಾರಗಳನ್ನು ಹೇಗೆ ಕಳೆದೆವು, ಏನು ಕಂಡೆವು ಎಂಬುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಓದಿದ್ದು ವಿಜ್ಞಾನ, ಮಾಡುವುದು ಕಡತದ ಕೆಲಸ. ಆದುದರಿಂದ ಪಂಡಿತರು ಮನ್ನಿಸಬೇಕು.

ಮೊದಲ ಭಾನುವಾರ ಹೋದದ್ದು ಸಂಗಮಕ್ಕೆ. ಮುಳಾ ಮುಠಾ ನದಿಗಳು ಕೂಡುವಲ್ಲಿ, ಇಂದು ಸಂಗಮ್ ಬ್ರಿಡ್ಜ್ ಎಂದು ಕರೆಯುವ ವೆಲ್ಲೆಸ್ಲಿ ಸೇತುವೆಯ ಆಸುಪಾಸಿನಲ್ಲಿ, ಪೇಶವೆಯ ದರಬಾರಿಗೆ ನೇಮಕವಾಗಿದ್ದ ಇಂಗ್ಲಿಷ್ ರೆಸಿಡೆಂಟನ ಬಂಗಲೆಯಿತ್ತು. 1817ರಲ್ಲಿ ಅಲ್ಲಿದ್ದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಆ ವರ್ಷ ಜೂನ್ 13ರಂದು ಎರಡನೆಯ ಬಾಜೀರಾಯನ ಕೈಯಿಂದ ಅವನು ಒಂದು ಕರಾರಿಗೆ ಒಪ್ಪಿಗೆ ಪಡೆದ. ಪುಣೆಯ ಕರಾರು ಎಂದು ಇತಿಹಾಸದಲ್ಲಿ ಹೆಸರಾದ ಆ ಕಾಗದದಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಪ್ರದೇಶಗಳ ಪಟ್ಟಿಯೊಂದಿದೆ. ಆ ಪಟ್ಟಿಯಲ್ಲಿ ಧಾರವಾಡದ ಕೋಟೆ ಇದೆ, ಕುಸುಗಲ್ಲಿನ ಹೆಸರೂ ಇದೆ. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತರೆ ದಾರಿಯಲ್ಲಿ ಸಿಕ್ಕುವ ಅದೇ ಕುಸುಗಲ್ಲು. ಇದನ್ನು ಹೇಳಿದಾಗ ನನ್ನ ಮಗಳು ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. "ಅಜ್ಜಿ ಊರಿಗೆ ಹೋಗೋ ಹಾದ್ಯಾಗಿನ ಕುಸುಗಲ್ಲ?" ಹೌದು, ಅದೇ. ಅದರ ಹಣೆಬರಹ ಬರೆದದ್ದು ಈ ಪುಣೆಯಲ್ಲಿ.

ಮುಂದಿನದು ಶಾಲೆಯ ಪುಸ್ತಕದಲ್ಲಿಯೇ ಇದೆ. ನವೆಂಬರ್ 5ರಂದು ಖಡ್ಕಿಯ ಬಯಲಿನಲ್ಲಿ ಯುದ್ಧವಾಯಿತು. ಬಾಪು ಗೋಖಲೆ ಪೇಶವೆಯ ಸೈನ್ಯದ ಮುಂದಾಳು, ಬಾಜೀರಾಯ ಪರ್ವತಿ ಗುಡ್ಡದ ಮೇಲಿಂದ ನೋಡುತ್ತ ನಿಂತಿದ್ದ. ಎಲ್ಫಿನ್‌ಸ್ಟನ್ ಸಂಗಮದ ಬಂಗಲೆ ಬಿಟ್ಟು ಖಡ್ಕಿಗೆ ಹೋಗಿ ಸೇರಿಕೊಂಡ. ಅವನ ಹಿಂದೆಯೇ ಬಂಗಲೆಗೆ ಬೆಂಕಿ ಬಿದ್ದು ಅವನ ಪುಸ್ತಕಗಳೆಲ್ಲ ಸುಟ್ಟುಹೋದವು. ನವೆಂಬರ್ 17ರಂದು ಶನಿವಾರವಾಡೆಯ ಮೇಲೆ ಇಂಗ್ಲಿಷರ ನಿಶಾನೆ ಏರಿತು. 1818ರ ಫೆಬ್ರುವರಿಯಲ್ಲಿ ಆಷ್ಟಿಯಲ್ಲಿ ಗೋಖಲೆ ಮಡಿದ. ಜೂನ್ 3ರಂದು ಬಾಜೀರಾಯ ಮಾಲ್ಕಮನಿಗೆ ಶರಣಾಗಿ, ವರ್ಷಕ್ಕೆ ಎಂಟು ಲಕ್ಷ ರೂಪಾಯಿಯ ಪಿಂಚಣಿ ಪಡೆದು ಬಿಠೂರಿಗೆ ಹೋದ. ಪಿಂಚಣಿಯ ಮೊತ್ತ ಕೇಳಿ ನಮ್ಮ ಜೊತೆಗಿದ್ದ ನಿವೃತ್ತ ರಾಯರೊಬ್ಬರು ನಿಟ್ಟುಸಿರು ಬಿಟ್ಟದ್ದು ಬೇರೆ ಮಾತು.

ನಮ್ಮ ಪಾಲಿನ ಕಥೆ ಅದೇ ಹೊತ್ತಿಗೆ ದಕ್ಷಿಣದಲ್ಲಿ ನಡೆಯುತ್ತಿತ್ತು. ಥಾಮಸ್ ಮನ್ರೋ ಧಾರವಾಡದಲ್ಲಿ ಕುಳಿತು, 1818ರ ಫೆಬ್ರುವರಿಯಲ್ಲಿ ಬಾದಾಮಿಯನ್ನೂ ಏಪ್ರಿಲಿನಲ್ಲಿ ಬೆಳಗಾವಿಯನ್ನೂ ಹಿಡಿದ. ಧಾರವಾಡ ಬೆಳಗಾವಿಗಳು ಮುಂಬಯಿ ಇಲಾಖೆಗೆ ಸೇರಿದವು. ಸಾತಾರೆಯ ಛತ್ರಪತಿಗೆ ಬಿಟ್ಟಿದ್ದ ವಿಜಾಪುರದ ಸೀಮೆ 1848ರಲ್ಲಿ, ಮದ್ರಾಸಿನ ಕೆಳಗಿದ್ದ ಉತ್ತರ ಕನ್ನಡ 1862ರಲ್ಲಿ ಬಂದು ಕೂಡಿಕೊಂಡವು. 1956ರ ನವೆಂಬರ್ 1ರವರೆಗೆ ನಮ್ಮ ಹಿರಿಯರು ಮುಂಬಯಿ ಸರಕಾರದ ಪ್ರಜೆಗಳೇ. ಆದುದರಿಂದ ಆ ಕಾಲದಲ್ಲಿ ಧಾರವಾಡದ ಹುಡುಗ ಪುಣೆಗೆ ಓದಲು ಬಂದರೆ ಅವನು ಪರರಾಜ್ಯಕ್ಕೆ ಬಂದವನಲ್ಲ. ತನ್ನ ಪ್ರಾಂತದ ದೊಡ್ಡ ಊರಿಗೆ ಬಂದವನು. ಆಲೂರು ವೆಂಕಟರಾಯರು, ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದು, ಗೋಕಾಕರು ಅಲ್ಲಿಯೇ ಪಾಠ ಹೇಳಿದ್ದು ಈ ದಾರಿಯಲ್ಲಿಯೇ. ಕರ್ನಾಟಕ ಏಕೀಕರಣದ ಕನಸನ್ನು ಕಟ್ಟಿದವರಲ್ಲಿ ಒಬ್ಬರು ಪುಣೆಯ ನೀರು ಕುಡಿದು ಹೋದವರೆಂಬುದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ.

ಆ ನೀರಿನ ಮಾತಿಗೇ ಬರುತ್ತೇನೆ.

ಸಂಗಮದ ಪಕ್ಕದಲ್ಲಿಯೇ ಎಂಜಿನಿಯರಿಂಗ್ ಕಾಲೇಜಿನ ಹಳೆಯ ಕಲ್ಲಿನ ಕಟ್ಟಡವಿದೆ. 1854ರಲ್ಲಿ ಸರಕಾರಿ ಕಟ್ಟಡ ರಸ್ತೆಗಳ ಕೆಲಸಕ್ಕೆ ಕೆಳದರ್ಜೆಯ ನೌಕರರನ್ನು ತಯಾರುಮಾಡಲೆಂದು ತೆರೆದ ತರಗತಿ ಅದು. ದೊಡ್ಡ ಎಂಜಿನಿಯರುಗಳು ವಿಲಾಯತಿಯಿಂದ ಬರುತ್ತಾರೆ, ಇಲ್ಲಿಯವರು ಟೇಪು ಹಿಡಿದರೆ ಸಾಕು ಎಂಬುದು ಆಗಿನ ಲೆಕ್ಕಾಚಾರ. ಮೈಸೂರು ಸರಕಾರದ ವಿದ್ಯಾರ್ಥಿವೇತನದ ಮೇಲೆ ಮುದ್ದೇನಹಳ್ಳಿಯ ಬಡ ಹುಡುಗನೊಬ್ಬ ಇಲ್ಲಿಗೆ ಬಂದು, 1883ರಲ್ಲಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ನಿಂತು ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದರೆ ನಮ್ಮ ಮಕ್ಕಳಿಗೆ ಕನ್ನಂಬಾಡಿ ಮಾತ್ರ ಗೊತ್ತು. ಆದರೆ 1884ರಿಂದ ಅವರು ದುಡಿದದ್ದು ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಹೋದದ್ದು 1909ರಲ್ಲಿ, ನಡುವಯಸ್ಸು ಕಳೆಯುತ್ತ ಬಂದಾಗ.

ಅವರ ಹೆಸರನ್ನು ಮೊದಲು ಬೆಳಗಿಸಿದ ಕೆಲಸಗಳಲ್ಲಿ ಒಂದು ನಡೆದದ್ದು ನಾವು ದಿನಾ ಕುಡಿಯುವ ನೀರಿನ ಮೂಲವಾದ ಖಡಕ್‌ವಾಸ್ಲಾದಲ್ಲಿ. ಪುಣೆ ಪೇಟೆಗೂ ದಂಡಿನ ಪ್ರದೇಶಕ್ಕೂ ನೀರು ಒದಗಿಸಲು, ಕಾಲುವೆಯಿಂದ ಹೊಲಗಳಿಗೆ ಹಾಯಿಸಲು, ಮುಠಾ ನದಿಗೆ ಅಡ್ಡವಾಗಿ ಕಲ್ಲುಗಾರೆಯ ಅಣೆಕಟ್ಟನ್ನು ಇಂಗ್ಲಿಷರು ಕಟ್ಟಿದ್ದರು. ಕರ್ನಲ್ ಫೈಫ್ ಎಂಬ ಎಂಜಿನಿಯರನ ಹೆಸರಿನಿಂದ ಅದಕ್ಕೆ ಲೇಕ್ ಫೈಫ್ ಎಂದೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಕೋಡಿಯ ಮೇಲೆ ಆರೆಂಟು ಅಡಿ ನೀರು ಉಕ್ಕಿ ಹರಿದು ವ್ಯರ್ಥವಾಗುತ್ತಿತ್ತು. ಅಣೆಯನ್ನೇ ಎತ್ತರಿಸಬೇಕೆಂದರೆ ಅಪಾರ ಖರ್ಚು. ಕೋಡಿಯ ಮೇಲೆ ಬಾಗಿಲು ಇಡಬೇಕೆಂದರೆ, ಮಹಾಪೂರ ಬಂದ ನಡುರಾತ್ರಿಯಲ್ಲಿ ಅದನ್ನು ತೆರೆಯುವವರು ಯಾರು? ಆಳು ನಿದ್ದೆಹೋದರೆ ಅಣೆಯೇ ಹೋಯಿತು. ವಿಶ್ವೇಶ್ವರಯ್ಯನವರು ತಾವಾಗಿ ತೆರೆದು ತಾವಾಗಿ ಮುಚ್ಚುವ ಬಾಗಿಲುಗಳನ್ನು ರೂಪಿಸಿ, ಪೇಟೆಂಟ್ ಪಡೆದು, 1903ರಲ್ಲಿ ಇಲ್ಲಿ ಅಳವಡಿಸಿದರು. ಅಣೆಗೆ ಒಂದು ಕಲ್ಲನ್ನೂ ಸೇರಿಸದೆ ಸುಮಾರು ಎಂಟು ಅಡಿ ಹೆಚ್ಚು ನೀರು ನಿಲ್ಲುವಂತಾಯಿತು. ಅದೇ ಬಗೆಯ ಬಾಗಿಲುಗಳನ್ನು ಗ್ವಾಲಿಯರ್ ಸೀಮೆಯ ತಿಗ್ರಾದಲ್ಲಿ, ಮುಂದೆ ಕನ್ನಂಬಾಡಿಯಲ್ಲಿ ಹಾಕಿದರು. ಕನ್ನಂಬಾಡಿಯ ವಿದ್ಯೆ ಪುಣೆಯಲ್ಲಿ ಪಳಗಿ ಹೋದದ್ದು.

ಇದನ್ನು ಬರಿದೆ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ನಮ್ಮ ಮನೆಯ ಹಿತ್ತಲಿನಲ್ಲಿ ನಾವು ಮಾಡಿನೋಡಿದ ಪ್ರಯೋಗವನ್ನು ತಿಳಿಸುತ್ತೇನೆ. ಹಳೆಯ ಪ್ಲಾಸ್ಟಿಕ್ ಬಕೀಟಿನ ತಳಕ್ಕೆ ಒಂದು ತೂತು ಕೊರೆದು, ಅದಕ್ಕೆ ಬಚ್ಚಲ ತೊಟ್ಟಿಯ ರಬ್ಬರು ಬಿರಡೆ ಹಾಕಿ, ಬಕೀಟನ್ನು ಇಟ್ಟಿಗೆಗಳ ಮೇಲೆ ಇಡಬೇಕು. ಬಿರಡೆಗೆ ದಾರ ಕಟ್ಟಿ, ಬಕೀಟಿನ ಬಾಯಿಗೆ ಅಡ್ಡವಿಟ್ಟ ನುಣುಪಾದ ಕೋಲಿನ ಮೇಲಿಂದ ಹಾಯಿಸಿ, ಇನ್ನೊಂದು ತುದಿಗೆ ಹೊರಗಡೆ ಪೌಡರಿನ ಖಾಲಿ ಡಬ್ಬಿಯೊಂದನ್ನು ತೂಗಬಿಡಬೇಕು. ಡಬ್ಬಿಯ ತಳಕ್ಕೆ ಸೂಜಿಯಿಂದ ಸಣ್ಣ ರಂಧ್ರ. ಬಕೀಟಿನ ಅಂಚಿನಿಂದ ನಾಲ್ಕು ಬೆರಳು ಕೆಳಗೆ ಒಂದು ಕೊಳವೆ ಸಿಕ್ಕಿಸಿ, ಅದರ ನೀರು ನೇರವಾಗಿ ಡಬ್ಬಿಗೆ ಬೀಳುವಂತೆ ಮಾಡಬೇಕು. ಈಗ ನಲ್ಲಿ ಬಿಡಿ. ನೀರು ಕೊಳವೆಯ ಮಟ್ಟ ಮುಟ್ಟುವ ತನಕ ಏನೂ ಆಗುವುದಿಲ್ಲ. ಮುಟ್ಟಿತೋ, ಉಕ್ಕಿದ ನೀರು ಡಬ್ಬಿ ತುಂಬುತ್ತದೆ, ಡಬ್ಬಿ ಭಾರವಾಗಿ ಇಳಿಯುತ್ತದೆ, ಬಿರಡೆ ಮೇಲೇಳುತ್ತದೆ, ನೀರು ತಳದಿಂದ ಧುಮುಕುತ್ತದೆ. ಮಟ್ಟ ಇಳಿದ ಮೇಲೆ ಡಬ್ಬಿಯ ನೀರು ರಂಧ್ರದಿಂದ ಸೋರಿ ಹಗುರಾಗಿ, ಬಿರಡೆ ಮತ್ತೆ ಕೂಡುತ್ತದೆ.

ಮೊದಲ ಸಲ ನಮ್ಮ ಬಿರಡೆ ಎದ್ದದ್ದು ವಾಪಸು ಕೂಡಲೇ ಇಲ್ಲ, ಹಿತ್ತಲೆಲ್ಲ ಕೆಸರಾಗಿ ಮನೆಯವರಿಂದ ಬೈಸಿಕೊಂಡೆವು. ಖಾಲಿ ಡಬ್ಬಿಗಿಂತ ಬಿರಡೆ ಭಾರವಿರಬೇಕೆಂಬುದು ಆಮೇಲೆ ಹೊಳೆದು, ಬಿರಡೆಗೆ ಒಂದು ಕಬ್ಬಿಣದ ನಟ್ಟು ಕಟ್ಟಿದ ಮೇಲೆ ಸರಿಹೋಯಿತು. ಖಡಕ್‌ವಾಸ್ಲಾದ ಕಬ್ಬಿಣದ ಬಾಗಿಲುಗಳ ರಚನೆ ಇದೇ ಅಲ್ಲ, ಅದು ದೊಡ್ಡ ಯಂತ್ರಕಾರ್ಯ. ಆದರೆ ಹೆಚ್ಚಾದ ನೀರೇ ತನ್ನ ದಾರಿಯನ್ನು ತೆರೆದುಕೊಳ್ಳುತ್ತದೆ ಎಂಬ ಮೂಲತತ್ತ್ವ ಬಕೀಟಿನಲ್ಲಿ ಕಣ್ಣಿಗೆ ಕಾಣುತ್ತದೆ. ಪಕ್ಕದ ಮನೆಯ ಮರಾಠಿ ಹುಡುಗರೂ ಬಂದು ನೋಡಿ, ಮೂರು ಸಲ ಮಾಡಿಸಿ ಹೋದರು.

ಆಮೇಲೆ ಖಡಕ್‌ವಾಸ್ಲಾಕ್ಕೆ ಹೋದೆವು. ಇಲ್ಲಿ ಮಕ್ಕಳಿಗೆ ಒಂದು ಸತ್ಯ ಹೇಳಲೇಬೇಕು. ಈಗ ಕಾಣುವ ಬಾಗಿಲುಗಳು ವಿಶ್ವೇಶ್ವರಯ್ಯನವರವಲ್ಲ. 1961ರ ಜುಲೈ 12ರಂದು ಮೇಲ್ಗಡೆ ಇನ್ನೂ ಕೆಲಸ ಪೂರ್ತಿಯಾಗದೆ ನೀರು ತುಂಬಿದ್ದ ಪಾನ್‌ಶೇತದ ಮಣ್ಣಿನ ಅಣೆ ಒಡೆಯಿತು. ಅಷ್ಟೂ ನೀರು ನುಗ್ಗಿ ಬಂದು ಅದೇ ದಿನ ಖಡಕ್‌ವಾಸ್ಲಾವೂ ಒಡೆಯಿತು. ನಾರಾಯಣ ಪೇಟೆ, ಶನಿವಾರ ಪೇಟೆ, ಡೆಕ್ಕನ್ ಜಿಮಖಾನಾ ಮುಳುಗಿದವು. ಲಕ್ಡಿ ಪೂಲಿನ ಮೇಲೆ ನೀರು ಹರಿಯಿತು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಒಡ್ಡಿ ಅಣೆಯನ್ನು ಹಿಡಿದಿಡದಿದ್ದರೆ ಪೂರ ಕತ್ತಲೆಯಲ್ಲಿ ಬಂದು, ಮಲಗಿದ್ದ ಜನ ಮಲಗಿದಲ್ಲಿಯೇ ಹೋಗುತ್ತಿದ್ದರು. ಎಂಥ ಜಾಣ ಬಾಗಿಲಾದರೂ ಅದು ಎಣಿಕೆ ಹಾಕಿದ ಪೂರಕ್ಕೆ ಮಾತ್ರ. ಮೇಲಿನ ಅಣೆಯೇ ಒಡೆದು ಬರುವುದು ಯಾರ ಎಣಿಕೆಯಲ್ಲಿಯೂ ಇರಲಿಲ್ಲ. ಇಂಗ್ಲಿಷರು ಕಟ್ಟಿದ್ದೆಲ್ಲ ಗಟ್ಟಿ, ನಾವು ಕಟ್ಟಿದ್ದೆಲ್ಲ ಪೊಳ್ಳು ಎನ್ನುವ ಹಿರಿಯರು ಈ ಕಥೆಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಅವರ ಅಣೆಯ ಉಪಯೋಗ ಹೆಚ್ಚಿಸಿದವನು ನಮ್ಮವನೇ ಅಲ್ಲವೇ?

ಇನ್ನೊಂದು ಸಂಗತಿ ಮೋಡಿ ಲಿಪಿಯದು. ಪೇಶವೆಯ ದಫ್ತರ ಇಂಗ್ಲಿಷರ ಕೈಗೆ ಬಂದ ಮೇಲೆ ಅದಕ್ಕಾಗಿ 1891ರಲ್ಲಿ ಪುಣೆಯಲ್ಲಿ ಪ್ರತ್ಯೇಕ ಕಟ್ಟಡವಾಯಿತು. ಅಲ್ಲಿಯ ಕಾಗದಗಳಿಂದ ಆರಿಸಿ ರಿಯಾಸತಕಾರ ಸರದೇಸಾಯಿಯವರು 1930ರಿಂದ 45 ಸಂಪುಟ ಹೊರತಂದರು. ಅವೆಲ್ಲ ಮೋಡಿಯ ಕಾಗದಗಳು. ನಮ್ಮ ಮುಂಬಯಿ ಕರ್ನಾಟಕದ ಹಳೆಯ ಮನೆಗಳ ಟ್ರಂಕಿನಲ್ಲಿಯೂ ಇದೇ ಲಿಪಿಯ ಕಾಗದಗಳಿರುತ್ತವೆ, ಓದುವವರಿಲ್ಲ. ನಮ್ಮ ಮನೆಯಲ್ಲಿ ಅಂಥದೊಂದಿತ್ತು. ನಮ್ಮ ತಂದೆ ಅದು ಇನಾಮಿನ ಸನದು ಎಂದು ಕೊನೆಯವರೆಗೂ ನಂಬಿದ್ದರು. ಒಳ್ಳೆಯ ದಿನ ನೋಡಿ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು.

ನಮ್ಮ ಕೆಳಮನೆಯಲ್ಲಿರುವ ವಯಸ್ಸಾದ ಆಜೋಬಾ ಒಬ್ಬರಿಗೆ ಮೋಡಿ ಬರುತ್ತದೆಂದು ತಿಳಿದು ಮಕ್ಕಳನ್ನು ಕರೆದುಕೊಂಡು ಹೋದೆ. ಅವರು ಮೊದಲು ಬರೆಯುವುದನ್ನು ಕಲಿಸಿದರು. ಬೋರೂ ಎಂಬ ಜೊಂಡಿನ ಲೇಖನಿಯಿಂದ ಪುಟದ ಈ ಅಂಚಿನಿಂದ ಆ ಅಂಚಿಗೆ ಮೊದಲೇ ಗೆರೆ ಎಳೆಯಬೇಕು, ಆಮೇಲೆ ಲೇಖನಿ ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತ ಹೋಗಬೇಕು. ಹ್ರಸ್ವ ದೀರ್ಘಗಳ ಗೊಡವೆಯಿಲ್ಲ. ಮಕ್ಕಳಿಗೆ ಇದು ಬಹಳ ಹಿಡಿಸಿತು, ಶಾಲೆಯಲ್ಲಿ ಹ್ರಸ್ವ ದೀರ್ಘಕ್ಕೆ ಕಳೆದುಕೊಂಡ ಮಾರ್ಕುಗಳ ನೆನಪಾಯಿತೋ ಏನೋ. ಆಮೇಲೆ ಆಜೋಬಾ ನಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಇನಾಮೂ ಇಲ್ಲ, ಸನದೂ ಇಲ್ಲ. ಮುತ್ತಜ್ಜ ಹೊಲವನ್ನು ಒತ್ತೆಯಿಟ್ಟು ಸಾಲ ತಂದ ಪತ್ರ ಅದು! ನನಗೆ ಒಂದು ಕ್ಷಣ ಮುಖ ಸಣ್ಣದಾಯಿತು. ಆಜೋಬಾ ಕಾಗದ ತಿರುಗಿಸಿ, ಹಿಂಬದಿಯಲ್ಲಿ ಸಾಲ ತೀರಿದ ಒಕ್ಕಣೆಯೂ ಇದೆ ಎಂದು ತೋರಿಸಿದರು.

ಅಷ್ಟರಲ್ಲಿ ಮಗಳು ಕಾಗದದ ಕೆಳತುದಿಗೆ ಬೆರಳಿಟ್ಟು, "ಅಪ್ಪಾ, ಇದು ನನಗ ಓದಲಿಕ್ಕೆ ಬರ್ತದ" ಎಂದಳು. ಮೇಲಿನಿಂದ ಕೆಳಗಿನವರೆಗೆ ಮೋಡಿ, ಸಹಿಯ ಜಾಗದಲ್ಲಿ ಮಾತ್ರ ಸೊಟ್ಟ ಸೊಟ್ಟ ಕನ್ನಡ ಅಕ್ಷರಗಳಲ್ಲಿ ಮುತ್ತಜ್ಜನ ಹೆಸರು. ನಮ್ಮ ತಂದೆ ಅಷ್ಟು ವರ್ಷ ಪೂಜಿಸಿದರೂ ಅದನ್ನು ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಆಜೋಬಾ ಕನ್ನಡಕ ತೆಗೆದು, ಆ ಅಕ್ಷರ ಹೇಗೆ ಬರೆಯುವುದೆಂದು ಅವಳಿಂದ ಹೇಳಿಸಿಕೊಂಡು ತಾವೂ ಒಂದು ಸಲ ಬರೆದುನೋಡಿದರು.

ಶಾಲೆಗೆ ಅವಳು ಬರೆದುಕೊಟ್ಟ ನಾಲ್ಕು ಪುಟದಲ್ಲಿ ಕುಸುಗಲ್ಲೂ ಇತ್ತು, ಖಡಕ್‌ವಾಸ್ಲಾವೂ ಇತ್ತು. ಊರಿನ ಹೆಸರು ಬರೆಯುವ ಜಾಗದಲ್ಲಿ ಎರಡೂ ಊರು ಬರೆದಿದ್ದಳು. ಶಿಕ್ಷಕಿ ಅದಕ್ಕೆ ಕೆಂಪು ಗೆರೆ ಎಳೆಯಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಇನ್ನೊಮ್ಮೆ ಖಡಕ್‌ವಾಸ್ಲಾಕ್ಕೆ ಹೋಗುವ ವಿಚಾರವಿದೆ. ಸ್ವಾರ್‌ಗೇಟಿನಿಂದ ಬಸ್ಸು ಸಿಗುತ್ತದೆ. ದಂಡೆಯ ಮೇಲೆ ಸುಟ್ಟ ಗೋವಿನಜೋಳ, ಕಾಂದಾ ಭಜಿ ಸಿಕ್ಕರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವುದು ಒಳ್ಳೆಯದು. ಬರುವವರು ತಮ್ಮ ಟ್ರಂಕಿನಲ್ಲಿ ಮೋಡಿಯ ಕಾಗದವೇನಾದರೂ ಇದ್ದರೆ ಅದರ ಝೆರಾಕ್ಸ್ ಪ್ರತಿಯನ್ನು ಮಾತ್ರ ತರಬೇಕು, ಮೂಲವನ್ನು ಮನೆಯಲ್ಲಿಯೇ ಬಿಟ್ಟುಬರಬೇಕು. ಆಜೋಬಾ ಓದಿಕೊಡಲು ಒಪ್ಪಿದ್ದಾರೆ. ಬಕೀಟನ್ನು ನಾನು ತರುತ್ತೇನೆ.