ಮಿತವ್ಯಯ ಮತ್ತು ಕಾರ್ಖಾನೆಯ ಸುರಕ್ಷತೆ: ಭೋಪಾಲದ ನಿದರ್ಶನ

ಕಾಲವನ್ನೋ ಹಣವನ್ನೋ ಉಳಿಸುವ ಉದ್ದೇಶದಿಂದ ವಿಹಿತವಾದ ರಕ್ಷಣಾಕ್ರಮಗಳನ್ನು ಸಡಿಲಿಸಿದರೆ ಒದಗುವ ಅನರ್ಥಕ್ಕೆ, 1984ರ ಡಿಸೆಂಬರ್ 2–3ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಹೊರಟ ವಿಷಾನಿಲಕ್ಕಿಂತ ಘೋರವಾದ ನಿದರ್ಶನ ಕೈಗಾರಿಕೆಗಳ ಚರಿತ್ರೆಯಲ್ಲಿ ದೊರೆಯುವುದು ದುರ್ಲಭ.

ಸೆವಿನ್ ಎಂಬ ಕೀಟನಾಶಕದ ತಯಾರಿಕೆಯಲ್ಲಿ ಬಳಸುತ್ತಿದ್ದ ಮೀಥೈಲ್ ಐಸೋಸಯನೇಟ್ ಸುಮಾರು 39 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯತಕ್ಕ ದ್ರವ. ನೀರು ಬೆರೆತರೆ ಶಾಖವನ್ನು ಹೆಚ್ಚಿಸುತ್ತ ಕ್ರಮೇಣ ಉಗ್ರರೂಪವನ್ನು ತಾಳತಕ್ಕದ್ದು. ಆದಕಾರಣ ಅದನ್ನು ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿಡಲು ಶೈತ್ಯಯಂತ್ರವನ್ನೂ, ತಪ್ಪಿಸಿಕೊಂಡ ಅನಿಲವನ್ನು ಕಾಸ್ಟಿಕ್ ಸೋಡಾದಿಂದ ನಿರ್ವಿಷಗೊಳಿಸಲು ಸ್ಕ್ರಬ್ಬರನ್ನೂ, ಅದನ್ನೂ ಮೀರಿದ್ದನ್ನು ಸುಟ್ಟುಬಿಡಲು ಜ್ವಾಲಾಗೋಪುರವನ್ನೂ ನಿರ್ಮಿಸಿದ್ದರು.

ಮಾರಾಟ ಕುಸಿದು ಕಾರ್ಖಾನೆ ನಷ್ಟಕ್ಕೀಡಾದಾಗ ಈ ವ್ಯವಸ್ಥೆಯೆಲ್ಲ ವ್ಯರ್ಥವ್ಯಯವಾಗಿ ಕಾಣತೊಡಗಿತು. ಮೀಥೈಲ್ ಐಸೋಸಯನೇಟ್ ವಿಭಾಗದಲ್ಲಿ ಪಾಳಿಗೆ 12 ಮಂದಿಯಿದ್ದ ಕೆಲಸಗಾರರ ಸಂಖ್ಯೆ 6ಕ್ಕಿಳಿಯಿತು. ಹೊಸಬರ ತರಬೇತಿಯ ಅವಧಿಯೂ ಮೊಟಕಾಯಿತು. 1984ರ ಜೂನ್‌ನಲ್ಲಿ ಶೈತ್ಯಯಂತ್ರವನ್ನು ನಿಲ್ಲಿಸಿದರು. ಸ್ಕ್ರಬ್ಬರು ಸನ್ನದ್ಧಸ್ಥಿತಿಯಲ್ಲಿದ್ದರೂ ನಡೆಯುತ್ತಿರಲಿಲ್ಲ. ಜ್ವಾಲಾಗೋಪುರದ ತುಕ್ಕುಹಿಡಿದ ಕೊಳವೆಯ ತುಂಡೊಂದನ್ನು ಬದಲಾಯಿಸುವುದಕ್ಕೆಂದು ಕಳಚಿದ್ದುದರಿಂದ ಅದೂ ನಿಷ್ಪ್ರಯೋಜಕವಾಗಿತ್ತು. ಒಂದನ್ನು ನಿಲ್ಲಿಸುವಾಗ ಮತ್ತೊಂದು ಇದ್ದೇ ಇದೆಯೆಂಬ ಭರವಸೆ ಮನಸ್ಸಿಗೆ ಸುಲಭವಾಗಿ ಬರುತ್ತದೆ. ಉಳಿತಾಯ ದಿನದಿನದ ಲೆಕ್ಕಪುಸ್ತಕದಲ್ಲಿ ಕಾಣಿಸುತ್ತದೆ, ಕ್ಷೀಣಿಸುತ್ತಿರುವ ರಕ್ಷಣೆಗಾದರೋ ಅಲ್ಲಿ ಅಂಕಣವೇ ಇರುವುದಿಲ್ಲ.

ಆ ರಾತ್ರಿ ಸುಮಾರು 42 ಟನ್ ದ್ರವ ತುಂಬಿದ್ದ ಇ-610 ಎಂಬ ತೊಟ್ಟಿಗೆ ನೀರು ಸೇರಿತು. ಕೊಳವೆಗಳನ್ನು ತೊಳೆಯುವಾಗ ನಡುವೆ ಲೋಹದ ಅಡ್ಡಬಿಲ್ಲೆಯನ್ನು ಕೂರಿಸದಿದ್ದುದರಿಂದ ಅದು ಹರಿದುಬಂತೆಂದು ಕಾರ್ಮಿಕರ ಹೇಳಿಕೆ. ಯಾರೋ ದುರುದ್ದೇಶದಿಂದ ಬಿಟ್ಟರೆಂದು ಕಂಪನಿಯ ವಾದ. ನೀರು ಯಾವ ಮಾರ್ಗದಿಂದ ಬಂದಿದ್ದರೂ, ಒಂದು ತಪ್ಪಿನಿಂದಲೋ ಒಬ್ಬನ ಕೇಡುಬುದ್ಧಿಯಿಂದಲೋ ಊರು ಹಾಳಾಗದಂತೆ ಕಾಯುವುದಕ್ಕಾಗಿಯೇ ಆ ಮೂರು ಸಾಧನಗಳಿದ್ದುವೆಂಬ ಮಾತು ಅಬಾಧಿತವಾಗಿ ನಿಲ್ಲುತ್ತದೆ. ತೊಟ್ಟಿಯಿಂದ ಹೊರನುಗ್ಗಿದ ಅನಿಲವನ್ನು ತಣಿಸಲು ಚಿಮ್ಮಿಸಿದ ನೀರು ಅದು ಹೊರಡುತ್ತಿದ್ದ ಎತ್ತರವನ್ನು ಮುಟ್ಟಲಿಲ್ಲ. ಸುತ್ತಲಿನ ಬಡವರ ಬಸ್ತಿಗಳಲ್ಲಿ ಮಲಗಿದ್ದವರು ಉಸಿರುಕಟ್ಟಿ, ಕಣ್ಣುರಿದು, ದಿಕ್ಕುತೋಚದೆ ಓಡಿದರು. ಮಧ್ಯಪ್ರದೇಶ ಸರ್ಕಾರ ಮೊದಲು 2,259, ಅನಂತರ 3,787 ಮರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಸಂತ್ರಸ್ತರ ಪರವಾದ ಸಂಘಟನೆಗಳ ಅಂದಾಜು ಇದಕ್ಕಿಂತ ಎಷ್ಟೋ ಪಾಲು ಅಧಿಕ. ಹಾನಿಗೊಳಗಾದವರು 5 ಲಕ್ಷಕ್ಕೂ ಮಿಕ್ಕವರು.

ಪೂರ್ವಸೂಚನೆಗಳು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1981ರ ಡಿಸೆಂಬರ್‌ನಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಸೋಂಕಿ ಕಾರ್ಮಿಕನೊಬ್ಬ ಮಡಿದಿದ್ದ. 1982ರಲ್ಲಿ ಅಮೆರಿಕೆಯಿಂದ ಬಂದ ಕಂಪನಿಯದೇ ತಜ್ಞರು ದೋಷಗಳನ್ನು ಬರೆದುಕೊಟ್ಟಿದ್ದರು. ಕಾರ್ಮಿಕ ಸಂಘ ಪ್ರತಿಭಟಿಸಿತ್ತು. ಪತ್ರಕರ್ತ ರಾಜಕುಮಾರ ಕೇಸ್ವಾನಿಯವರು ಸ್ಥಳೀಯ ಪತ್ರಿಕೆಯಲ್ಲಿ ಮೇಲಿಂದಮೇಲೆ ಎಚ್ಚರಿಸಿದ್ದರು. ಯಂತ್ರದ ಬಳಿ ನಿಂತವನ ಮಾತಿಗೆ ಅಧಿಕಾರವಿಲ್ಲದೆ ಹೋದದ್ದೇ ಈ ಪ್ರಕರಣದಲ್ಲಿ ಅತ್ಯಂತ ದಾರುಣವಾದ ಅಂಶ.

1989ರಲ್ಲಿ 47 ಕೋಟಿ ಡಾಲರುಗಳಿಗೆ ಪರಿಹಾರದ ಒಪ್ಪಂದವಾಯಿತು. ಅದಕ್ಕೆ ಮುನ್ನವೇ, 1987ರಲ್ಲಿ, ಕಾರ್ಖಾನೆಗಳ ಅಧಿನಿಯಮಕ್ಕೆ ಅಪಾಯಕರ ಪ್ರಕ್ರಿಯೆಗಳನ್ನು ಕುರಿತ ಪ್ರತ್ಯೇಕ ಅಧ್ಯಾಯವೊಂದು ಸೇರಿತು. ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಸ್ಥಾನವನ್ನೂ, ಪ್ರಾಣಾಪಾಯ ಸನ್ನಿಹಿತವೆಂದು ಶಂಕಿಸಿದ ಕಾರ್ಮಿಕರಿಗೆ ಅದನ್ನು ಮಾಲೀಕನ ಗಮನಕ್ಕೂ ಜತೆಯಲ್ಲೇ ಸರ್ಕಾರಿ ತನಿಖಾಧಿಕಾರಿಯ ಗಮನಕ್ಕೂ ತರುವ ಹಕ್ಕನ್ನೂ ಅದು ವಿಧಿಸಿತು.